ಪಾಂಡವಪುರದ ಒಂದು ಕೃತಕ ಕಾಲು, ಶಾಸಕರಿಗೊಂದು ಮನವಿ: ಪ್ರಕರಣ ಅಧ್ಯಯನ

ಶಿಬಿರದಲ್ಲಿ ಕೃತಕ ಕಾಲು ಕೊಟ್ಟ ದಿನಕ್ಕೆ ಕೆಲಸ ಮುಗಿಯಿತು ಎಂದುಕೊಳ್ಳುವ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ನಿಜವಾಗಿ ಕೆಲಸ ಶುರುವಾಗುವುದೇ ಅಂದು. ಈ ಒಂದು ವಿಷಯ ನಮ್ಮ ಶಾಸಕರಿಗೆ ಮನವರಿಕೆಯಾಗಲಿ ಎಂದು ಪಾಂಡವಪುರ ತಾಲ್ಲೂಕಿನ ರೈತರೊಬ್ಬರ ಪ್ರಕರಣವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಅವರ ಹೆಸರು, ಊರು ಬೇಡ. ಸುತ್ತಮುತ್ತಲಿನವರು ಕರೆಯುವ ಹಾಗೆ ಗೌಡರು ಎನ್ನುತ್ತೇನೆ. ನಾನು ಮೈಸೂರಿನಲ್ಲಿ ಕೃತಕ ಕೈಕಾಲು, ಕ್ಯಾಲಿಪರ್ (ಬಲವಿಲ್ಲದ ಕೈಕಾಲಿಗೆ ಹೊರಗಿನಿಂದ ಕಟ್ಟುವ ಆಸರೆ) ಮಾಡುವ ವೃತ್ತಿಯವನು. ಗೌಡರ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಆಪರೇಷನ್ ಮಾಡಿದ ಆಸ್ಪತ್ರೆ, ಶಿಬಿರ ನಡೆಸಿದ ಸಂಸ್ಥೆ, ನಾವು ಕಂಡ ಶಾಸಕರು ಯಾರೆಂದು ಹೇಳುವುದಿಲ್ಲ. ಅವರಲ್ಲಿ ಯಾರೂ ಕೆಟ್ಟ ಮನಸ್ಸಿನವರಲ್ಲ. ಇಂಥದ್ದು ಯಾವ ಸಂಸ್ಥೆಯ ಶಿಬಿರದಲ್ಲಿ ಬೇಕಾದರೂ ಆಗಬಹುದು, ಆದ್ದರಿಂದಲೇ ಇದು ಶಾಸನಸಭೆಗೆ ಹೋಗಬೇಕಾದ ವಿಷಯ.

ಕಾಲು ಹೋದದ್ದು

ಗೌಡರಿಗೆ ಐವತ್ತು ದಾಟಿದೆ. ವಿಶ್ವೇಶ್ವರಯ್ಯ ನಾಲೆಯ ನೀರು ಹಾಯುವ ಎರಡು ಎಕರೆ ಜಮೀನು. ಒಂದಷ್ಟು ಭತ್ತ, ಉಳಿದದ್ದು ಕಬ್ಬು. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷದ ಮೇಲಾಗಿತ್ತು. ಕಾಯಿಲೆ ಹಳೆಯದಾದಂತೆ ಪಾದದ ನರಗಳು ಸೋತು, ಚುಚ್ಚಿದ್ದು ಸುಟ್ಟಿದ್ದು ಒಂದೂ ತಿಳಿಯುವುದಿಲ್ಲ. ಕಬ್ಬು ಕಡಿದ ಗದ್ದೆಯಲ್ಲಿ ಕೂಳೆ ಅಂಗಾಲಿಗೆ ಹೊಕ್ಕಾಗ ಗೌಡರಿಗೂ ಹಾಗೇ ಆಯಿತು. ಸಂಜೆ ಮನೆಯ ನೆಲದ ಮೇಲೆ ರಕ್ತದ ಕಲೆ ಕಂಡು ಹೆಂಡತಿ ಕೂಗಿದಾಗಲೇ ಅವರು ಕಾಲೆತ್ತಿ ನೋಡಿಕೊಂಡದ್ದು. ಅರಿಶಿನ ಹಚ್ಚಿದರು, ಊರಲ್ಲೇ ಇಂಜೆಕ್ಷನ್ ಹಾಕಿಸಿಕೊಂಡರು. ಬೆರಳು ಕಪ್ಪಾಗಿ ವಾಸನೆ ಬರುವ ಹೊತ್ತಿಗೆ ಮೈಸೂರಿಗೆ ಬಂದರು. ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಮೊಣಕಾಲು ಉಳಿಸಿದ್ದು ಸರ್ಜನ್ ಮಾಡಿದ ದೊಡ್ಡ ಉಪಕಾರ. ತೊಡೆಯ ಮಟ್ಟದಲ್ಲಿ ಕಾಲು ಹೋದವರು ಕೃತಕ ಕಾಲಿನಲ್ಲಿ ನಡೆಯಲು ಪಡುವ ಶ್ರಮಕ್ಕೆ ಹೋಲಿಸಿದರೆ ಮೊಣಕಾಲು ಇರುವವರಿಗೆ ನಡಿಗೆ ಎಷ್ಟೋ ಹಗುರ. ಆದರೆ ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆ, ಇನ್ಸುಲಿನ್, ಡ್ರೆಸಿಂಗ್ ಬಿಟ್ಟು ಬೇರೇನೂ ಇರಲಿಲ್ಲ. ಮೋಟುಗಾಲನ್ನು ಕ್ರೇಪ್ ಬ್ಯಾಂಡೇಜಿನಿಂದ ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತಿಡಬೇಕು, ಇಲ್ಲದಿದ್ದರೆ ಊತ ಇಳಿಯುವುದಿಲ್ಲ. ಮೊಣಕಾಲಿನ ಅಡಿಗೆ ದಿಂಬು ಇಡಬಾರದು, ಇಟ್ಟರೆ ಮಂಡಿ ಮಡಿಚಿಕೊಂಡೇ ಬಿಗಿಯುತ್ತದೆ. ಇದನ್ನು ಹೇಳಲು ಐದು ನಿಮಿಷ ಸಾಕು. ಯಾರೂ ಹೇಳಲಿಲ್ಲ. ಮನೆಯವರು ಅಕ್ಕರೆಯಿಂದ ಹತ್ತಿಯ ದಿಂಬಿನ ಮೇಲೆ ಕಾಲಿಟ್ಟು ಮಲಗಿಸಿದರು. ಮಂಡಿ ಪೂರ್ತಿ ನೆಟ್ಟಗಾಗುವುದು ಅಲ್ಲಿಗೇ ನಿಂತಿತು.

ಶಿಬಿರ

ಹೊಲಿಗೆ ಬಿಚ್ಚಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ, ತಾಲ್ಲೂಕು ಕೇಂದ್ರದಲ್ಲಿ ಉಚಿತ ಕೃತಕ ಕಾಲಿನ ಅಳತೆ ಶಿಬಿರ ಇದೆ ಎಂದು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ ಸುದ್ದಿ ತಂದರು. ನಮ್ಮ ರಾಜ್ಯದಲ್ಲಿ ಈ ಕಾರ್ಯಕರ್ತರು ಇಲ್ಲದಿದ್ದರೆ ಹಳ್ಳಿಯ ಅಂಗವಿಕಲರಿಗೆ ಯಾವ ಯೋಜನೆಯೂ ಮುಟ್ಟುತ್ತಿರಲಿಲ್ಲ. ಅವರಿಗೆ ಸಿಗುವುದು ಕಡಿಮೆ ಗೌರವಧನ, ಮಾಡುವುದು ಇಡೀ ಇಲಾಖೆಯ ಓಡಾಟ. ಆಯಮ್ಮನೇ ಆಟೋ ಮಾಡಿಸಿ ಗೌಡರನ್ನು ಕರೆದುಕೊಂಡು ಹೋದರು. ಅಲ್ಲಿ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆದರು. ಅಚ್ಚು ತೆಗೆದವರು ಯಾರು, ಏನು ಓದಿದವರು ಎಂದು ಗೌಡರಿಗೆ ತಿಳಿಯದು. ಚೀಟಿಯಲ್ಲಿ ಹೆಸರಿಲ್ಲ, ನೋಂದಣಿ ಸಂಖ್ಯೆ ಇಲ್ಲ. ಎರಡು ತಿಂಗಳು ಕಳೆದು ವಿತರಣಾ ಸಮಾರಂಭ ಆಯಿತು. ಹಾರ ಹಾಕಿದರು, ಫೋಟೊ ತೆಗೆದರು, ವೇದಿಕೆಯ ಮುಂದೆ ಹತ್ತು ಹೆಜ್ಜೆ ನಡೆಸಿದರು. ಗೌಡರು ಕಣ್ಣೀರು ಹಾಕಿಕೊಂಡು ನಡೆದರಂತೆ.

ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಮೋಟುಗಾಲು ವಾರದಿಂದ ವಾರಕ್ಕೆ ಸಣ್ಣದಾಗುತ್ತದೆ. ಊತ ಇಳಿಯುತ್ತದೆ, ಕೆಲಸವಿಲ್ಲದ ಸ್ನಾಯು ಕರಗುತ್ತದೆ. ಊದಿದ ಕಾಲಿಗೆ ಅಳತೆ ತೆಗೆದು, ಎರಡು ತಿಂಗಳು ಬಿಟ್ಟು ಕೊಟ್ಟ ಸಾಕೆಟ್, ಅಂದರೆ ಕೃತಕ ಕಾಲಿನಲ್ಲಿ ಮೋಟುಗಾಲು ಕೂರುವ ಗೂಡು, ಸರಿಹೋಗುವುದು ಹೇಗೆ? ಕೊಟ್ಟ ದಿನವೇ ಅದು ಸಡಿಲ ಇತ್ತು. ಮನೆಗೆ ಬಂದ ಮೇಲೆ ಎರಡು ಕಾಲುಚೀಲ ಹಾಕಿಕೊಂಡರು, ಆಮೇಲೆ ಹಳೇ ಪಂಚೆಯ ಚೂರು ತುರುಕಿದರು. ಬಟ್ಟೆಯ ಮಡಿಕೆ ಒತ್ತಿದ ಕಡೆ ಚರ್ಮ ಒಡೆಯಿತು. ಮೊದಲ ಸಲ ಕೂಳೆ ಚುಚ್ಚಿದ್ದು ತಿಳಿಯದ ಹಾಗೆ ಇದೂ ತಿಳಿಯಲಿಲ್ಲ. ಕಾಲುಚೀಲ ಒಗೆಯಲು ಹೋದ ಹೆಂಡತಿಗೇ ರಕ್ತ ಕಂಡದ್ದು.

ಅಂದಿನಿಂದ ಕೃತಕ ಕಾಲು ಅಟ್ಟಕ್ಕೆ ಹೋಯಿತು, ಗೌಡರು ಕಂಕುಳುಗೋಲಿಗೆ ಬಂದರು. ಗದ್ದೆಯ ಬದುವಿನ ಮೇಲೆ ಕಂಕುಳುಗೋಲು ಊರಿಕೊಂಡು ಹೋಗುವುದಕ್ಕಾಗುವುದಿಲ್ಲ, ಕೆಸರಿನಲ್ಲಿ ಹೂತುಹೋಗುತ್ತದೆ. ಬೆಳೆಯಲ್ಲಿ ಪಾಲು ಎಂಬ ಕರಾರಿನ ಮೇಲೆ ಜಮೀನನ್ನು ವಾರಕ್ಕೆ ಕೊಟ್ಟರು. ಇನ್ನೊಂದು ಕಾಲು ಕೇಳಲು ಹೋದಾಗ, ಮೂರು ವರ್ಷ ಆಗಲಿ ಎಂಬ ಉತ್ತರ ಬಂತು. ಅದು ಸುಳ್ಳಲ್ಲ. 1981ರಿಂದ ನಡೆಯುತ್ತಿರುವ ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಐಪಿ ಯೋಜನೆಯಲ್ಲಿ, ಹಿಂದಿನ 3 ವರ್ಷದೊಳಗೆ ಸರ್ಕಾರದಿಂದಾಗಲಿ ಸಂಸ್ಥೆಗಳಿಂದಾಗಲಿ ಅದೇ ಸಾಧನ ಪಡೆದವರಿಗೆ ಮತ್ತೆ ಸಿಗುವುದಿಲ್ಲ. 12 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಈ ಗಡುವು 1 ವರ್ಷ. ಒಬ್ಬರೇ ಪದೇ ಪದೇ ಪಡೆಯದಿರಲಿ ಎಂದು ಮಾಡಿದ ನಿಯಮ ಅದು, ಉದ್ದೇಶ ಸರಿಯೇ. ಆದರೆ ಗೌಡರು ದಾಖಲೆಯಲ್ಲಿ ಫಲಾನುಭವಿ, ಮನೆಯಲ್ಲಿ ಒಂಟಿಕಾಲಿನವರು. ಕೆಟ್ಟ ಸಾಕೆಟ್ ಪಡೆದವರು ಏನೂ ಪಡೆಯದವರಿಗಿಂತ ಕೆಳಗೆ ಬಿದ್ದರು.

ಪರೀಕ್ಷೆಯಲ್ಲಿ ಕಂಡದ್ದು

ಅವರು ನನ್ನ ಹತ್ತಿರ ಬಂದಾಗ ಕಾಲನ್ನು ಗೋಣಿಚೀಲದಲ್ಲಿ ತಂದಿದ್ದರು. ಸಾಕೆಟ್ ಪರೀಕ್ಷೆ ಹೇಗೆ ಮಾಡುತ್ತೇವೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಶಾಸಕರಿಗೆ ಕೊಟ್ಟ ಮನವಿಯಲ್ಲಿ ಮಾನದಂಡ ಎಂದು ನಾವು ಕೇಳುತ್ತಿರುವುದು ಆಕಾಶದ ವಸ್ತುವಲ್ಲ, ಇಷ್ಟೇ ಸರಳವಾದದ್ದು.

ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು, ಮೊಣಕಾಲಿನ ಕೆಳಗಿನ ದಪ್ಪ ಮೂಳೆಯ ಒಳಬದಿಯ ಚಪ್ಪಟೆ ಭಾಗ, ಹಿಂಬದಿಯ ಮಾಂಸಖಂಡ ಇವು ಭಾರ ತಾಳುತ್ತವೆ. ಹೊರಬದಿಯ ಸಣ್ಣ ಮೂಳೆಯ ತಲೆ, ಆ ದಪ್ಪ ಮೂಳೆಯ ಮುಂಬದಿಯ ಏಣು, ಕತ್ತರಿಸಿದ ತುದಿ ಇವು ತಾಳುವುದಿಲ್ಲ. ಒಳ್ಳೆಯ ಸಾಕೆಟ್ ತಾಳುವ ಕಡೆ ಒತ್ತಿ, ತಾಳದ ಕಡೆ ಜಾಗ ಬಿಡುತ್ತದೆ. ಅಚ್ಚು ತೆಗೆದ ಮೇಲೆ ಪ್ಲಾಸ್ಟರ್ ಮಾದರಿಯನ್ನು ಎಲ್ಲಿ ಎಷ್ಟು ಕೆರೆಯಬೇಕು, ಎಲ್ಲಿ ಎಷ್ಟು ತುಂಬಬೇಕು ಎಂಬುದರಲ್ಲೇ ನಮ್ಮ ವಿದ್ಯೆ ಇರುವುದು. ಕೃತಕ ಅಂಗ ಮತ್ತು ಕ್ಯಾಲಿಪರ್ ವಿದ್ಯೆಯ ಬಿ.ಪಿ.ಒ. ಪದವಿಗೆ ನಾಲ್ಕೂವರೆ ವರ್ಷ ಬೇಕಾಗುವುದು ಇದನ್ನು ಕಲಿಯಲಿಕ್ಕೇ.

ಗೌಡರ ಸಾಕೆಟ್ಟಿನ ತಳಕ್ಕೆ ಜೇಡಿಮಣ್ಣಿನ ಚಿಕ್ಕ ಉಂಡೆ ಹಾಕಿ, ಅವರನ್ನು ಅರೆಕ್ಷಣ ನಿಲ್ಲಿಸಿ ತೆಗೆದೆ. ಉಂಡೆ ರೊಟ್ಟಿಯಂತೆ ಪೂರ್ತಿ ಚಪ್ಪಟೆಯಾಗಿತ್ತು. ಅಂದರೆ ಕಾಲು ಸಾಕೆಟ್ಟಿನೊಳಗೆ ಜಾರಿ ಇಳಿದು, ದೇಹದ ಭಾರವೆಲ್ಲ ತುದಿಯ ಮೇಲೆ ಬೀಳುತ್ತಿತ್ತು. ಸುತ್ತಳತೆ ಹಿಡಿದರೆ ಮೇಲ್ಭಾಗದಲ್ಲಿ ಸಾಕೆಟ್ಟಿಗೂ ಕಾಲಿಗೂ ಸುಮಾರು 3 ಸೆಂಟಿಮೀಟರ್ ವ್ಯತ್ಯಾಸ. ಗಾಯವಾದದ್ದು ಎರಡು ಕಡೆ: ಹೊರಬದಿಯ ಮೂಳೆಯ ತಲೆಯ ಮೇಲೆ, ತುದಿಯಲ್ಲಿ. ತಾಳಲಾರದ ಜಾಗಗಳೆಂದು ಮೇಲೆ ಹೇಳಿದೆನಲ್ಲ, ಅಲ್ಲೇ. ಜೋಡಣೆಯೂ ಮಂಡಿ ನೆಟ್ಟಗಿರುವವರಿಗೆ ಮಾಡಿದಂತಿತ್ತು, ಗೌಡರ ಮಂಡಿ ಬಗ್ಗಿಕೊಂಡಿತ್ತು.

ಪಾದದ ಬಗ್ಗೆ ನನ್ನ ತಕರಾರಿಲ್ಲ. ಅದು ಜೈಪುರದ ಪಾದ. 1968ರಲ್ಲಿ ಜೈಪುರದ ಎಸ್.ಎಂ.ಎಸ್. ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾಕ್ಟರ್ ಪಿ.ಕೆ. ಸೇಠಿ ರೂಪಿಸಿದ ಆ ಪಾದದಲ್ಲಿ ಬರಿಗಾಲಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂರಬಹುದು, ನೀರಿಗಿಳಿಯಬಹುದು. ಗದ್ದೆ ಕೆಲಸದವರಿಗೆ ವಿದೇಶಿ ಪಾದಕ್ಕಿಂತ ಅದೇ ವಾಸಿ. ಲಕ್ಷಾಂತರ ಬಡವರನ್ನು ಎಬ್ಬಿಸಿ ನಿಲ್ಲಿಸಿದ ಕೆಲಸ ಅದು, ಶಿಬಿರಗಳೂ ಆ ಪುಣ್ಯದಲ್ಲಿ ಪಾಲುದಾರರೇ. ನಾನು ಕೇಳುತ್ತಿರುವುದು ಶಿಬಿರ ನಿಲ್ಲಿಸಿ ಎಂದಲ್ಲ. ಪಾದ ಎಷ್ಟೇ ಚೆನ್ನಾಗಿದ್ದರೂ ಮನುಷ್ಯನ ಮೈಗೆ ತಾಗುವುದು ಸಾಕೆಟ್, ಮತ್ತು ಆ ಸಾಕೆಟ್ ಮೊದಲ ವರ್ಷದಲ್ಲಿ ಮತ್ತೆ ಮತ್ತೆ ನೋಡಿಸಿಕೊಳ್ಳಬೇಕಾದ ವಸ್ತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಗಾಯ ಮಾಯುವವರೆಗೆ ಕಾಲು ಹಾಕಿಸಲಿಲ್ಲ. ಫಿಸಿಯೊಥೆರಪಿಯಲ್ಲಿ ಮಂಡಿ ಬಹುಮಟ್ಟಿಗೆ ನೆಟ್ಟಗಾಯಿತು. ಹೊಸ ಅಚ್ಚು, ಮೊದಲು ಪರೀಕ್ಷಾ ಸಾಕೆಟ್, ಅದರಲ್ಲಿ ನಿಂತು ನಡೆದು ನೋಡಿದ ಮೇಲೆ ಕಾಯಂ ಸಾಕೆಟ್. ಹಾಕಿ ನಡೆದು ಬಿಚ್ಚಿದ ಮೇಲೆ ಚರ್ಮದ ಕೆಂಪು ಹತ್ತು ನಿಮಿಷದಲ್ಲಿ ಮಾಸದಿದ್ದರೆ ಅಲ್ಲಿ ಒತ್ತಡ ಹೆಚ್ಚಾಗಿದೆ ಎಂದರ್ಥ. ಗೌಡರಿಗೆ ನೋವು ತಿಳಿಯದ ಕಾರಣ ಈ ಕೆಂಪು ನೋಡುವ ಕೆಲಸವನ್ನು ಅವರ ಹೆಂಡತಿಗೆ ಕಲಿಸಿದೆವು, ಹಿಂಬದಿ ನೋಡಲು ಒಂದು ಕೈಗನ್ನಡಿ ಕೊಟ್ಟೆವು. ಕಾಲು ಮತ್ತೆ ಸಣ್ಣದಾದಾಗ ಎರಡು ಸಲ ಒಳಗೆ ಪದರ ಕೊಟ್ಟು ಸರಿಮಾಡಿದೆವು. ಖರ್ಚನ್ನು ಮಗಳು ಅಳಿಯ ಹೊತ್ತರು. ಈಗ ಗೌಡರು ಬದುವಿನ ಮೇಲೆ ನಡೆಯುತ್ತಾರೆ, ವಾರಕ್ಕೆ ಕೊಟ್ಟ ಜಮೀನನ್ನು ವಾಪಸ್ ತೆಗೆದುಕೊಂಡಿದ್ದಾರೆ.

ಮನವಿ ಬರೆದದ್ದು

ಮಗಳು ಅಳಿಯ ಇಲ್ಲದವರ ಗತಿ ಏನು ಎಂದು ಮೊದಲು ಕೇಳಿದ್ದು ಪುನರ್ವಸತಿ ಕಾರ್ಯಕರ್ತೆ. ಅದೇ ಶಿಬಿರದಲ್ಲಿ ಕಾಲು ಪಡೆದ ಇನ್ನೂ ಕೆಲವರ ಮನೆಗೆ ಆಯಮ್ಮ ಹೋಗಿಬಂದರು. ಕೆಲವರು ನಡೆಯುತ್ತಿದ್ದರು, ಕೆಲವರ ಕಾಲು ಮೂಲೆ ಸೇರಿತ್ತು. ಶಾಸಕರಿಗೆ ಮನವಿ ಕೊಡೋಣ ಎಂದು ತೀರ್ಮಾನವಾಯಿತು. ಮೊದಲ ಕರಡಿನಲ್ಲಿ ಇದ್ದದ್ದು ಒಂದೇ ಬೇಡಿಕೆ: ನಮ್ಮ ತಾಲ್ಲೂಕಿನಲ್ಲಿ ಇನ್ನೊಂದು ಶಿಬಿರ ಮಾಡಿಸಿಕೊಡಿ.

ನಾನು ಒಪ್ಪಲಿಲ್ಲ. ಅದೇ ಬಗೆಯ ಇನ್ನೊಂದು ಶಿಬಿರದಿಂದ ಅದೇ ಬಗೆಯ ಗಾಯಗಳು ಬರುತ್ತವೆ. ಶಾಸಕರಿಗೆ ಶಿಬಿರ ಮಾಡಿಸುವುದು ಸುಲಭ, ಫೋಟೊ ಬರುತ್ತದೆ, ಅವರು ಕೂಡಲೇ ಹೂಂ ಎನ್ನುತ್ತಾರೆ. ನಾವು ಕೇಳಬೇಕಾದದ್ದು ಶಾಸಕರಷ್ಟೇ ಮಾಡಬಹುದಾದ ಕೆಲಸ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 9ನೇ ನಮೂದು ಅಂಗವಿಕಲರ ಪರಿಹಾರಕ್ಕೆ ಸೇರಿದ್ದು, 6ನೇ ನಮೂದು ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳದ್ದು. ಎರಡೂ ವಿಧಾನಸಭೆಯ ಕೈಯಲ್ಲಿವೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 101ನೇ ಕಲಂ ರಾಜ್ಯಕ್ಕೆ ನಿಯಮ ಮಾಡುವ ಅಧಿಕಾರ ಕೊಡುತ್ತದೆ. ಇದು ದೆಹಲಿಯ ವಿಷಯ ಎಂದು ತಳ್ಳಿಹಾಕುವಂತಿಲ್ಲ.

ಮಾದರಿಯನ್ನು ನಾವೇ ಹುಟ್ಟಿಸಬೇಕಾಗಿಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಕೃತಕ ಅಂಗ ಮತ್ತು ಕ್ಯಾಲಿಪರ್ ಸೇವೆಗಳಿಗೆಂದೇ 60 ಮಾನದಂಡಗಳನ್ನು ಪ್ರಕಟಿಸಿದೆ. ನೀತಿ, ಸಾಧನ, ಸಿಬ್ಬಂದಿ, ಸೇವೆ ಕೊಡುವ ಬಗೆ ಎಂದು ನಾಲ್ಕು ಭಾಗ. ಜನಸಂಖ್ಯೆಯ ಸುಮಾರು ಶೇ. 0.5ರಷ್ಟು ಮಂದಿಗೆ ಈ ಸೇವೆ ಬೇಕಾಗುತ್ತದೆ, 10 ಲಕ್ಷ ಜನರಿಗೆ 5ರಿಂದ 10 ತಜ್ಞರು ಬೇಕು ಎಂಬುದು ಆ ಸಂಸ್ಥೆಯ ಅಂದಾಜು. 2011ರ ಜನಗಣತಿಯಂತೆ ಮಂಡ್ಯ ಜಿಲ್ಲೆಯ ಜನಸಂಖ್ಯೆ 18 ಲಕ್ಷ, ಮೈಸೂರು ಜಿಲ್ಲೆಯದು 30 ಲಕ್ಷ. ಲೆಕ್ಕ ಹಾಕಿದರೆ ಮಂಡ್ಯದಲ್ಲಿ ಸುಮಾರು 9,000 ಜನ, ಮೈಸೂರಿನಲ್ಲಿ 15,000 ಜನ. ತಜ್ಞರು ಮಂಡ್ಯಕ್ಕೆ ಕನಿಷ್ಠ 9, ಮೈಸೂರಿಗೆ 15. ವರ್ಷಕ್ಕೊಂದು ಶಿಬಿರದಿಂದ ತೀರುವ ಅಗತ್ಯವಲ್ಲ ಇದು.

ಕಾನೂನು ಇಲ್ಲವೇ ಎಂದರೆ ಇದೆ. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯ 13ನೇ ಕಲಮಿನಂತೆ, ಆ ಪರಿಷತ್ತಿನಲ್ಲಿ ನೋಂದಣಿ ಇಲ್ಲದವರು ಈ ವೃತ್ತಿ ಮಾಡಿದರೆ 1 ವರ್ಷದವರೆಗೆ ಸೆರೆ ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಶಿಬಿರದ ಬಾಗಿಲಲ್ಲಿ ನೋಂದಣಿ ಪತ್ರ ಕೇಳಬೇಕಾದವರು ಯಾರು ಎಂದು ಸ್ಥಳೀಯ ಆದೇಶದಲ್ಲಿ ಬರೆಯದ ಹೊರತು ಅದು ಪುಸ್ತಕದಲ್ಲೇ ಉಳಿಯುತ್ತದೆ. ಅಮೆರಿಕದಲ್ಲೂ ಹೀಗೇ ಆಯಿತು. ಅರ್ಹ ತಜ್ಞರು ಮಾಡಿಕೊಟ್ಟ ಕೃತಕ ಅಂಗಗಳಿಗೆ ಮಾತ್ರ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಹಣ ಕೊಡಬೇಕು ಎಂದು ಅಲ್ಲಿನ ಸಂಸತ್ತು 2000ದಲ್ಲೇ ಕಾಯ್ದೆ ಮಾಡಿತು. ಅದನ್ನು ಜಾರಿಗೆ ತರುವ ನಿಯಮಾವಳಿಯ ಕರಡು ಬಂದದ್ದು 2017ರ ಜನವರಿಯಲ್ಲಿ, ಅದೇ ವರ್ಷ ಅಕ್ಟೋಬರಿನಲ್ಲಿ ಅದನ್ನೂ ಹಿಂತೆಗೆದುಕೊಂಡರು. ಅಷ್ಟು ದುಡ್ಡಿರುವ ದೇಶದ ಅಂಗವಿಕಲರೂ ವೃತ್ತಿನಿರತರೂ ತಮ್ಮ ಜನಪ್ರತಿನಿಧಿಗಳ ಬಾಗಿಲು ತಟ್ಟುತ್ತಲೇ ಇರಬೇಕಾಯಿತು. ಆದ್ದರಿಂದ ನಾವು ಭರವಸೆ ಕೇಳಬಾರದು, ತಾರೀಖು ಹಾಕಿದ ಆದೇಶವನ್ನೇ ಕೇಳಬೇಕು ಎಂಬುದು ನನ್ನ ಅಭಿಪ್ರಾಯವಾಗಿತ್ತು, ಉಳಿದವರೂ ಒಪ್ಪಿದರು.

ಕೊನೆಗೆ ಮನವಿ ಹೀಗೆ ನಿಂತಿತು. ಸರ್ಕಾರದ ದುಡ್ಡಿನಲ್ಲಾಗಲಿ, ಸರ್ಕಾರದ ಅನುಮತಿಯಿಂದಾಗಲಿ ನಡೆಯುವ ಯಾವುದೇ ಶಿಬಿರದಲ್ಲಿ ಅಳತೆ ಮತ್ತು ಜೋಡಣೆಯನ್ನು ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದವರೇ ಮಾಡಬೇಕು, ಅವರ ಹೆಸರು ಮತ್ತು ನೋಂದಣಿ ಸಂಖ್ಯೆ ಫಲಾನುಭವಿಯ ಚೀಟಿಯಲ್ಲಿ ಇರಬೇಕು. ಪೂರೈಸಿದವರಿಗೆ ಕೊಡುವ ಹಣದ ಒಂದು ಭಾಗವನ್ನು ಹಿಡಿದಿಟ್ಟು, ಮೂರು ತಿಂಗಳ ನಂತರ ಕಾಲು ಬಳಕೆಯಲ್ಲಿದೆ ಎಂದು ಬಳಕೆದಾರರೇ ಸಹಿ ಮಾಡಿದ ಮೇಲೆ ಬಿಡುಗಡೆ ಮಾಡಬೇಕು. ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ವಾರಕ್ಕೊಂದು ಗೊತ್ತಾದ ದಿನ ದುರಸ್ತಿ ಮತ್ತು ತಪಾಸಣೆ ಇರಬೇಕು. ಕಾಲು ತೆಗೆದ ಪ್ರತಿಯೊಬ್ಬರಿಗೂ ಡಿಸ್ಚಾರ್ಜ್ ದಿನ ಬ್ಯಾಂಡೇಜ್ ಕಟ್ಟುವುದನ್ನು ಕಲಿಸಿ ಕನ್ನಡದಲ್ಲಿ ಮುದ್ರಿಸಿದ ಹಾಳೆ ಕೊಡಬೇಕು. ಮೊದಲ ವರ್ಷದಲ್ಲೇ ಸಾಕೆಟ್ ಕೆಟ್ಟವರಿಗೆ ಮೂರು ವರ್ಷದ ಗಡುವು ಅಡ್ಡಬಾರದಂತೆ ರಾಜ್ಯ ಸರ್ಕಾರ ಕೇಂದ್ರಕ್ಕೆ ಬರೆಯಬೇಕು.

ಕ್ಯಾಲಿಪರ್ ಮತ್ತು ಬ್ರೇಸುಗಳನ್ನೂ ಸೇರಿಸಿ ಎಂದು ನಾನು ಒತ್ತಾಯ ಮಾಡಿದೆ. ಸೊಟ್ಟಪಾದದ ಮಗುವಿಗೆ ಪೊನ್ಸೆಟಿ ವಿಧಾನದಲ್ಲಿ ಪ್ಲಾಸ್ಟರ್ ಹಾಕಿ ಪಾದ ನೆಟ್ಟಗೆ ಮಾಡಿದ ಮೇಲೆ, ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕು ವರ್ಷ ತುಂಬುವವರೆಗೆ ರಾತ್ರಿ ಹೊತ್ತು ಬ್ರೇಸ್ ಹಾಕಬೇಕು. ಮಗು ಬೆಳೆದಂತೆ ಬ್ರೇಸಿನ ಶೂ ಚಿಕ್ಕದಾಗುತ್ತದೆ. ಹೊಸ ಶೂ ಸಿಗದೆ ತಾಯಿ ಬ್ರೇಸ್ ಬಿಟ್ಟುಬಿಟ್ಟರೆ ಪಾದ ಮತ್ತೆ ಸೊಟ್ಟಗಾಗುತ್ತದೆ, ಆಸ್ಪತ್ರೆಯ ಶ್ರಮವೆಲ್ಲ ನೀರುಪಾಲು. ಕಾಲಿಗೆ ಬೇಕಾದ ನಿಯಮವೇ ಇಲ್ಲಿಗೂ ಬೇಕು.

ಶಾಸಕರ ಮುಂದೆ

ಭಾನುವಾರ ಬೆಳಗ್ಗೆ ಶಾಸಕರ ಮನೆಯ ಮುಂದೆ ಎಂದಿನಂತೆ ಜನವೋ ಜನ. ನಮ್ಮ ಸರದಿ ಬಂದಾಗ ಅವರು ಮನವಿಯ ಮೇಲೆ ಕಣ್ಣಾಡಿಸಿ, ‘ಎಷ್ಟ್ ಜನಕ್ಕೆ ಬೇಕು ಹೇಳಿ, ಮುಂದಿನ ತಿಂಗ್ಳೇ ಕ್ಯಾಂಪ್ ಹಾಕ್ಸೋಣ’ ಎಂದರು. ನಾನು ಬಾಯಿ ತೆರೆಯುವ ಮೊದಲೇ ಗೌಡರು ಗೋಣಿಚೀಲದಿಂದ ಹಳೇ ಕಾಲನ್ನು ತೆಗೆದು ಮೇಜಿನ ಮೇಲಿಟ್ಟರು, ಪಕ್ಕದಲ್ಲಿ ಆ ಪಂಚೆಯ ಚೂರುಗಳನ್ನು.

‘ಇದ್ನ ಕೊಟ್ಟಾಗ್ಲೂ ಕ್ಯಾಂಪೇ ಸಾ ಹಾಕ್ಸಿದ್ದು. ನಾನೂ ಹಾರ ಹಾಕುಸ್ಕೊಂಡಿವ್ನಿ. ಹುಣ್ಣಾದ್ಮೇಲೆ ಯಾರ್ನ ಕೇಳ್ಬೇಕು ಅಂತ ಒಬ್ರೂ ಹೇಳ್ನಿಲ್ಲ. ಅದುನ್ನ ಒಂದ್ ಹಾಳೆಲಿ ಬರ್ಸಿ ಸಾಕು.’

ಶಾಸಕರು ಕಾಲನ್ನು ಕೈಗೆತ್ತಿಕೊಂಡು ಒಳಗೆ ಬೆರಳು ಹಾಕಿ ನೋಡಿದರು. ಬಹಳ ಹೊತ್ತು ಕೇಳಿದರು, ಸಾಕೆಟ್ ಅಂದರೆ ಏನು, ಎಷ್ಟು ದಿನ ಬಾಳಿಕೆ, ಖರ್ಚು ಯಾವುದಕ್ಕೆ. ಅವರ ಆಪ್ತ ಸಹಾಯಕರು ನಾವು ಬರೆದುಕೊಂಡು ಹೋಗಿದ್ದ ಲಿಖಿತ ಪ್ರಶ್ನೆಯ ಕರಡನ್ನು ತೆಗೆದುಕೊಂಡರು. ಈ ಕರಡಿಗೆ ನಾವು ತುಂಬ ತಲೆ ಕೆಡಿಸಿಕೊಂಡಿದ್ದೆವು. ಎಷ್ಟು ಕೃತಕ ಕಾಲು ವಿತರಿಸಲಾಗಿದೆ ಎಂದು ಸದನದಲ್ಲಿ ಕೇಳಿದರೆ ಒಂದು ದೊಡ್ಡ ಸಂಖ್ಯೆ ಉತ್ತರವಾಗಿ ಬಂದು ವಿಷಯ ಅಲ್ಲಿಗೇ ಮುಗಿಯುತ್ತದೆ. ನಾವು ಬರೆದದ್ದು: ಕಳೆದ ಮೂರು ವರ್ಷದಲ್ಲಿ ಕಾಲು ಪಡೆದವರಲ್ಲಿ ಎಷ್ಟು ಮಂದಿಯನ್ನು ಮರುತಪಾಸಣೆಗೆ ಕರೆಯಲಾಗಿದೆ, ಎಷ್ಟು ಮಂದಿ ಇಂದೂ ಬಳಸುತ್ತಿದ್ದಾರೆ, ಅಳತೆ ತೆಗೆದವರ ನೋಂದಣಿ ವಿವರ ಇಲಾಖೆಯಲ್ಲಿದೆಯೇ, ಇಲ್ಲದಿದ್ದರೆ ಯಾವ ದಿನಾಂಕದೊಳಗೆ ಪಡೆಯಲಾಗುವುದು?

ಇದನ್ನು ಬರೆಯುವ ಹೊತ್ತಿಗೆ ಆ ಪ್ರಶ್ನೆ ಸದನಕ್ಕೆ ಹೋಗಿಲ್ಲ. ಜಿಲ್ಲಾಧಿಕಾರಿಗಳ ಕಚೇರಿಗೆ ಕೊಟ್ಟ ಪ್ರತಿಗೆ ಸ್ವೀಕೃತಿ ಬಂದಿದೆ. ಒಂದು ಸಣ್ಣ ಬದಲಾವಣೆ ಮಾತ್ರ ಆಗಿದೆ: ಗೌಡರಿಗೆ ಕಾಲು ತೆಗೆದ ವಾರ್ಡಿನ ನರ್ಸುಗಳು ಬ್ಯಾಂಡೇಜಿನ ಹಾಳೆಯನ್ನು ನಮ್ಮಿಂದ ಪಡೆದು ಡಿಸ್ಚಾರ್ಜ್ ಚೀಟಿಗೆ ಪಿನ್ ಮಾಡಿ ಕೊಡುತ್ತಿದ್ದಾರೆ. ಅದಕ್ಕೆ ಯಾವ ಆದೇಶವೂ ಬೇಕಾಗಲಿಲ್ಲ. ಉಳಿದದ್ದಕ್ಕೆ ಬೇಕು.

ಮೈಸೂರು, ಮಂಡ್ಯದ ಓದುಗರಲ್ಲಿ ನನ್ನ ಕೋರಿಕೆ ಇದು. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಬಳಸದೆ ಬಿಟ್ಟ ಕೃತಕ ಕಾಲು, ಕ್ಯಾಲಿಪರ್ ಇದ್ದರೆ, ಅದನ್ನು ಕೊಟ್ಟ ತಿಂಗಳು, ಬಿಟ್ಟ ತಿಂಗಳು, ಬಿಟ್ಟದ್ದಕ್ಕೆ ಕಾರಣ, ಅಳತೆ ತೆಗೆದವರ ಹೆಸರು ಚೀಟಿಯಲ್ಲಿ ಇದೆಯೋ ಇಲ್ಲವೋ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ನಿಮ್ಮ ಶಾಸಕರಿಗೆ ಖುದ್ದಾಗಿ ಕೊಡಿ. ಸಾಧ್ಯವಾದರೆ ಆ ಕಾಲನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಒಂದು ಪ್ರತಿಯನ್ನು ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ಸ್ಪೀಡ್ ಪೋಸ್ಟಿನಲ್ಲಿ ಹಾಕಿ. 2016ರ ಕಾಯ್ದೆಯ 81ನೇ ಕಲಮಿನಂತೆ ಆಯುಕ್ತರು ಶಿಫಾರಸು ಮಾಡಿದರೆ, ಸಂಬಂಧಪಟ್ಟ ಪ್ರಾಧಿಕಾರ ಏನು ಕ್ರಮ ಕೈಗೊಂಡಿತೆಂದು 3 ತಿಂಗಳೊಳಗೆ ಅವರಿಗೆ ತಿಳಿಸಲೇಬೇಕು. ಅಂಚೆಯ ರಸೀದಿ ಜೋಪಾನವಾಗಿಟ್ಟುಕೊಳ್ಳಿ, ಮುಂದಿನ ಅರ್ಜಿಗೆ ಅದರ ತಾರೀಖು ಬೇಕಾಗುತ್ತದೆ.